ಮುಂಬಯಿಯ ವಸತಿಯೂ ಕನ್ನಡ ಶಾಲೆಯೂ

ಒಂದು ನಗರದ ಶಾಲೆಗಳ ಚರಿತ್ರೆಯನ್ನು ಅದರ ವಸತಿಯ ಚರಿತ್ರೆಯಿಂದ ಬೇರ್ಪಡಿಸಿ ನೋಡಲಾಗದು. ಜನರು ದುಡಿಮೆಯನ್ನರಸಿ ಬರುತ್ತಾರೆ. ದುಡಿಮೆಯ ಸಮೀಪದಲ್ಲಿ ನೆಲೆಸುತ್ತಾರೆ. ನೆಲೆ ಸ್ಥಿರವಾದ ಬಳಿಕ ಶಾಲೆಯನ್ನು ಕಟ್ಟುತ್ತಾರೆ. ಈ ಮೂರನೆಯ ಹೆಜ್ಜೆ ತಡವಾಗಿ ಬೀಳುವುದರಿಂದ, ಶಾಲೆ ನಿಂತಿರುವ ಸ್ಥಳವು ಅನೇಕ ವೇಳೆ ಹಿಂದಿನ ತಲೆಮಾರಿನ ವಸತಿಯ ಗುರುತಾಗಿ ಉಳಿಯುತ್ತದೆ. ಮುಂಬಯಿಯ ಕನ್ನಡ ಶಾಲೆಗಳು ಇದಕ್ಕೆ ತಕ್ಕ ನಿದರ್ಶನವಾಗಿವೆ.

೧೮೫೩ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಹರಿಯಿತು. ಅದೇ ದಶಕದಲ್ಲಿ ಹತ್ತಿಯ ಗಿರಣಿಗಳು ತಲೆಯೆತ್ತಿದವು. ಪರೇಲ್, ಲಾಲಬಾಗ್, ವರಳಿಗಳ ಸುತ್ತ ಚಾಳುಗಳು ಬೆಳೆದವು. ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ೧೯೫೬ರವರೆಗೂ ಧಾರವಾಡ, ಬೆಳಗಾವಿ, ವಿಜಾಪುರಗಳ ವಿದ್ಯಾವಂತರಿಗೆ ಮುಂಬಯಿಯು ಪರಸ್ಥಳವಲ್ಲ, ತಮ್ಮದೇ ಪ್ರಾಂತದ ರಾಜಧಾನಿಯಾಗಿತ್ತು. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದವರಾದರೋ ಕಡಲ ದಾರಿಯಿಂದ ಬಂದರು. ಕಚೇರಿಯ ಗುಮಾಸ್ತಿಕೆಗೆ ಬಂದವರು ಕುಟುಂಬ ಸಮೇತ ನೆಲೆಸುವ ಆಸೆಯುಳ್ಳವರು. ಹೋಟೆಲಿನ ಕೆಲಸಕ್ಕೆ ಬಂದವರಲ್ಲಿ ಬಹುಮಂದಿ ಎಳೆಯ ಹುಡುಗರು. ಈ ಭೇದವೇ ಮುಂದೆ ಶಾಲೆಗಳ ಸ್ವರೂಪವನ್ನೂ ನಿರ್ಣಯಿಸಿತು.

೧೮೯೬ರ ಪ್ಲೇಗು ಚಾಳುಗಳ ಇಕ್ಕಟ್ಟನ್ನು ಬಯಲಿಗೆಳೆಯಿತು. ತತ್ಫಲವಾಗಿ ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಗಿ, ದಾದರ, ಮಾಟುಂಗ, ವಡಾಲ, ಶೀವಗಳಲ್ಲಿ ಯೋಜಿತ ಬಡಾವಣೆಗಳು ರೂಪುಗೊಂಡವು. ೧೯೧೫ರಲ್ಲಿ ಗಾಮದೇವಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಜನ್ಮ ತಾಳಿತು. ಬಾಡಿಗೆಯ ಕೋಣೆಯಲ್ಲಿರುವವನು ಶಾಲೆಯ ಚಿಂತೆಯನ್ನು ಊರಿಗೇ ಬಿಡುತ್ತಾನೆ. ಸ್ವಂತ ಸೂರುಳ್ಳವನು ಅದನ್ನು ನೆರೆಯಲ್ಲಿಯೇ ಬಯಸುತ್ತಾನೆ. ೧೯೨೬ರ ಮೈಸೂರು ಅಸೋಸಿಯೇಷನ್ನೂ ೧೯೩೩ರ ಕರ್ನಾಟಕ ಸಂಘವೂ ಮಾಟುಂಗ ಭಾಗದಲ್ಲಿ ನೆಲೆಯೂರಿದುದು ಇಂಥ ಸ್ಥಿರ ವಸತಿಯ ಫಲವೆನ್ನಬೇಕು.

ಹೋಟೆಲಿನ ಹುಡುಗನಿಗೆ ಸೂರೂ ಇಲ್ಲ, ಹಗಲಿನ ಬಿಡುವೂ ಇಲ್ಲ. ಅವನಿಗಾಗಿ ಹುಟ್ಟಿದುದು ರಾತ್ರಿ ಶಾಲೆ. ೧೯೦೨ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೇ ಮೊದಲಾದ ಸಂಸ್ಥೆಗಳು ಈ ಕಾರ್ಯವನ್ನು ಕೈಗೊಂಡವು. ಹಗಲೆಲ್ಲ ಲೋಟ ತೊಳೆದು ಇರುಳಿನಲ್ಲಿ ಅಕ್ಷರ ಕಲಿತವರು ಗುಮಾಸ್ತರಾದರು, ವಕೀಲರಾದರು, ಹೋಟೆಲುಗಳ ಒಡೆಯರೂ ಆದರು.

ಆದರೆ ನಗರವು ನಿಂತಲ್ಲಿ ನಿಲ್ಲಲಿಲ್ಲ. ೧೯೫೦ರಲ್ಲಿಯೂ ೧೯೫೭ರಲ್ಲಿಯೂ ಅದರ ಎಲ್ಲೆ ಉತ್ತರಕ್ಕೆ ವಿಸ್ತರಿಸಿತು. ೧೯೮೨ರ ಗಿರಣಿ ಮುಷ್ಕರದ ತರುವಾಯ ದುಡಿಮೆಯ ಹಳೆಯ ಕೇಂದ್ರವೇ ಕುಸಿಯಿತು. ೨೦೦೧ರಿಂದ ೨೦೧೧ಕ್ಕೆ ಬರುವಷ್ಟರಲ್ಲಿ ದ್ವೀಪನಗರದ ಜನಸಂಖ್ಯೆ ೩೩.೩೮ ಲಕ್ಷದಿಂದ ೩೦.೮೫ ಲಕ್ಷಕ್ಕೆ ಇಳಿದರೆ, ಉಪನಗರ ಜಿಲ್ಲೆಯದು ೮೬.೪೦ ಲಕ್ಷದಿಂದ ೯೩.೫೭ ಲಕ್ಷಕ್ಕೆ ಏರಿತು. ಕನ್ನಡಿಗರೂ ಬೋರಿವಲಿ, ಮೀರಾ ರೋಡ್, ಡೊಂಬಿವಲಿಗಳತ್ತ ಸರಿದರು. ಶಾಲೆಯ ಕಟ್ಟಡಕ್ಕೆ ಕಾಲಿಲ್ಲ. ಅದು ಅಲ್ಲಿಯೇ ಉಳಿಯಿತು.

ಆದಕಾರಣ ಕನ್ನಡ ಶಾಲೆಗಳ ಕ್ಷೀಣತೆಗೆ ಭಾಷಾಭಿಮಾನದ ಕೊರತೆಯೊಂದನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ಇಂಗ್ಲಿಷಿನ ಆಕರ್ಷಣೆ ನಿಜ. ಮನೆಗೂ ಶಾಲೆಗೂ ಬೆಳೆದ ಅಂತರವೂ ಅಷ್ಟೇ ನಿಜ. ರಾತ್ರಿ ಶಾಲೆಗಳ ಮಾತು ಇನ್ನೂ ಬೇರೆ. ೨೦೦೬ರಲ್ಲಿ ಹೋಟೆಲುಗಳಲ್ಲಿ ಮಕ್ಕಳ ದುಡಿಮೆಗೆ ನಿಷೇಧ ಬಂದಿತು. ೨೦೦೯ರ ಕಾಯಿದೆ ಹಗಲಿನ ಶಾಲೆಯನ್ನು ಮಗುವಿನ ಹಕ್ಕಾಗಿಸಿತು. ಬಾಲಕನೊಬ್ಬನು ಇರುಳಿನಲ್ಲಿ ಓದಬೇಕಾದ ಗತಿ ತಪ್ಪಿದರೆ ಅದು ನಷ್ಟವಲ್ಲ, ಆ ಶಾಲೆಗಳು ಬಯಸಿದ ಸಿದ್ಧಿಯೇ ಸರಿ.

ಉಳಿದ ಪ್ರಶ್ನೆ ಸ್ಥಳದ್ದು. ಹಿಂದಿನವರು ಜನರಿದ್ದೆಡೆಗೆ ಶಾಲೆಯನ್ನು ಒಯ್ದರು. ಶಾಲೆಯಿದ್ದೆಡೆಗೆ ಜನರು ಬರಲೆಂದು ಕಾಯಲಿಲ್ಲ. ಕಟ್ಟಡವನ್ನು ಕಾಪಾಡುವುದರ ಜೊತೆಗೆ, ವಾರಕ್ಕೊಮ್ಮೆಯಾದರೂ ಉಪನಗರದ ವಸತಿಗಳಲ್ಲಿ ಕನ್ನಡದ ತರಗತಿ ನಡೆದಲ್ಲಿ, ಪೂರ್ವಿಕರ ವಿವೇಕವನ್ನು ಮುಂದುವರಿಸಿದಂತಾಗುವುದು.