ಬೇಸಿಗೆಯಲ್ಲಿ ಮಲಗುವ ಹೂಗಡ್ಡೆಗಳು

ಟ್ಯುಲಿಪ್ ಗಡ್ಡೆ ಮಾರಲು ಬಂದವರನ್ನು ನಾನು ಜಗಲಿಯಿಂದಲೇ ವಾಪಸು ಕಳಿಸುತ್ತೇನೆ. ಅದರ ಹೂದಂಟು ನೆಟ್ಟಗೆ ಏಳಬೇಕಾದರೆ ಮೂರು ತಿಂಗಳಿಗೂ ಮಿಕ್ಕಿ ಗಟ್ಟಿ ಚಳಿ ಬೇಕು. ಶ್ರೀನಗರದಲ್ಲಿ ಅದುಂಟು, ನಮ್ಮ ಸಾಗರಕ್ಕೆ ಎಲ್ಲಿಂದ ತರುವುದು? ನಮ್ಮ ಅಂಗಳದ ಹಳೆಯ ಗಡ್ಡೆಗಳ ರೀತಿ ಬೇರೆ. ಮಳೆ ನಿಂತು ಮಣ್ಣು ಒಣಗಿದರೆ ಎಲೆ ಉದುರಿಸಿ ಮಲಗುತ್ತವೆ, ಮೊದಲ ಮಳೆಗೆ ಏಳುತ್ತವೆ. ಆ ನಿದ್ದೆಗೆ ಪೈಪು ಹಿಡಿಯದಿದ್ದರೆ ಅರ್ಧ ಕೆಲಸ ಮುಗಿದಂತೆ.

ಮನೆಯೆದುರಿನ ಕೆಂಪು ಲಿಲ್ಲಿ ನಮ್ಮತ್ತೆಯ ತವರಿನದು. ದಳದ ನಡುವೆ ಬಿಳಿ ಗೀಟು. 1799ರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರಿನ ಆರ್ಥರ್ ಜಾನ್ಸನ್ ಎಂಬ ಗಡಿಯಾರದ ಕೆಲಸದವರು ದಕ್ಷಿಣ ಅಮೆರಿಕದ ಎರಡು ಲಿಲ್ಲಿಗಳನ್ನು ಕೂಡಿಸಿ ಪಡೆದ 'ಜಾನ್ಸೊನಿ' ತಳಿಯೂ ಹೀಗೇ ಇರುತ್ತದೆ. ಇದು ಅದೇ ಆಗಿರಲಿ ಎಂದು ನನಗೆ ಆಸೆ. ಅತ್ತೆಗೆ ಮಾತ್ರ ಅದು ಅಪ್ಪನ ಮನೆ ಲಿಲ್ಲಿ, ಅಷ್ಟೇ. ಬೀಜದ ಸಸಿಯಲ್ಲಿ ಬಣ್ಣ ಬದಲಾಗಬಹುದು. ಮಗ್ಗುಲಿನ ಮರಿಗಡ್ಡೆ ನೆಟ್ಟರೆ ತಾಯಿಗಿಡವೇ ಮತ್ತೆ ಬಂದಂತೆ. ಹಾಗಾಗಿಯೇ ಹಳೆಯ ತಳಿಗಳು ಅಂಗಡಿಯ ಹಂಗಿಲ್ಲದೆ ತವರಿನಿಂದ ಗಂಡನ ಮನೆಗೆ ಬಂದು ಉಳಿದಿವೆ.

ನೆಡುವಾಗ ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲಿರಲಿ. ಪೂರ್ತಿ ಹೂತರೆ ನಮ್ಮ ಆಷಾಢದ ಮಳೆಗೆ ಕೊಳೆಯುತ್ತದೆ. ನೀರು ಇಳಿದುಹೋಗುವ ಏರು ಜಾಗ, ಒಂದಿಷ್ಟು ಮರಳು. ಹೂವಾದ ಮೇಲೆ ಎಲೆ ಅಸಹ್ಯವೆಂದು ಕತ್ತರಿಸುವವರಿದ್ದಾರೆ; ಮುಂದಿನ ವರ್ಷದ ಹೂವಿಗೆ ಅಡುಗೆ ಬೇಯುವುದು ಆ ಎಲೆಯಲ್ಲೇ.

ಆಫ್ರಿಕಾ ಮೂಲದ ಮೇ ಫ್ಲವರ್ ಹೆಸರಿಗೆ ತಕ್ಕಂತೆ ಮೇ ತಿಂಗಳಲ್ಲಿ ಕೆಂಪು ಚೆಂಡು ಎತ್ತುತ್ತದೆ. ಒಂದು ಚೆಂಡೆಂದರೆ ನೂರಾರು ಪುಟ್ಟ ಹೂಗಳ ಗೊಂಚಲು. ಕುಂಡದಲ್ಲಿ ಗುಲಾಬಿ ಬಣ್ಣದ ಮಳೆ ಲಿಲ್ಲಿ ಹೂ ಬಿಡುತ್ತಿಲ್ಲ ಎನ್ನುವವರು ದಿನಾ ನೀರು ಹಾಕುವುದನ್ನು ಬಿಡಲಿ. ಕೆಲವು ವಾರ ಒಣಗಿಸಿ ಒಮ್ಮೆ ಚೆನ್ನಾಗಿ ತೋಯಿಸಿದರೆ ಕೆಲವೇ ದಿನಗಳಲ್ಲಿ ಮೊಗ್ಗು ಬರುತ್ತದೆ.

ಮೆಕ್ಸಿಕೊ ಮೂಲದ ಸುಗಂಧರಾಜ ಬಯಲುಸೀಮೆಯವರಿಗೇ ಸರಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲ್, ಶೃಂಗಾರ್ ತಳಿಗಳು ಇಳುವರಿಗೆ ಒಳ್ಳೆಯವು. ಹಿತ್ತಿಲಿಗಾದರೆ ನಾನು ಹಳೆಯ ಒಂಟಿ ಸುತ್ತಿನದನ್ನೇ ಹೇಳುತ್ತೇನೆ, ಪರಿಮಳಕ್ಕಾಗಿ. ಒಮ್ಮೆ ಹೂ ಬಿಟ್ಟ ಗಡ್ಡೆ ಮತ್ತೆ ಬಿಡದು, ಮುಂದಿನ ಸರದಿ ಮರಿಗಳದು. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು, ಬಿಡಿಸಿ, ದಪ್ಪ ಮರಿಗಳನ್ನು ನೆಡಬೇಕು.

ಮಳೆಗಾಲದಲ್ಲಿ ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕಿಯ ಹುಳು ಲಿಲ್ಲಿ ಎಲೆಗೆ ಬಿದ್ದರೆ ರಾತ್ರಿ ಬೆಳಗಾಗುವುದರೊಳಗೆ ದಂಟಷ್ಟೇ ಉಳಿದೀತು. ಔಷಧಿ ಬೇಡ, ಆರಿಸಿ ಸೋಪಿನ ನೀರಿಗೆ ಹಾಕಿದರೆ ಸಾಕು.

ಕಿತ್ತ ಲಿಲ್ಲಿ ಗಡ್ಡೆಯನ್ನು ಅಡುಗೆಮನೆ ಕಡೆ ಮಾತ್ರ ತರಬೇಡಿ. ನೋಡಲು ಥೇಟು ಈರುಳ್ಳಿ, ಒಳಗಿರುವುದು ಲೈಕೋರಿನ್ ಎಂಬ ವಿಷ. ಹೊಟ್ಟೆಗೆ ಹೋದರೆ ವಾಂತಿ ತಪ್ಪದು. ನಮ್ಮಲ್ಲಿ ಅವು ಕೊಟ್ಟಿಗೆ ಅಟ್ಟದ ಮೇಲೆ, ಮಕ್ಕಳ ಕೈಗೆ ಸಿಗದ ಬುಟ್ಟಿಯಲ್ಲಿರುತ್ತವೆ.