ಸ್ಟ್ರಾಬೆರಿಗೆ ಹಬ್ಬುವ ಕಾಲ, ಹಣ್ಣಿನ ಕಾಲ

ಚಳಿಗಾಲದ ಆರಂಭದಲ್ಲಿ ನರ್ಸರಿಯಿಂದ ತಂದ ಸ್ಟ್ರಾಬೆರಿ ಗಿಡ ಫೆಬ್ರುವರಿಯವರೆಗೆ ಕುಂಡದೊಳಗೇ ತೆಪ್ಪಗಿರುತ್ತದೆ. ಬಿಳಿ ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ, ನಾಲ್ಕಾರು ಹಣ್ಣು ಕೊಟ್ಟು ಮನೆಯ ಮಕ್ಕಳನ್ನು ಕುಣಿಸುತ್ತದೆ. ಬಿಸಿಲೇರಿ ಏಪ್ರಿಲ್ ಬಂತೆನ್ನುವಾಗ ಅದರ ನಡೆಯೇ ಬೇರೆ. ಎಲೆಗಳ ಬುಡದಿಂದ ದಾರದಂಥ ಹಂಬುಗಳು ಹೊರಟು ಕುಂಡದ ಅಂಚು ದಾಟಿ ಜೋತುಬೀಳುತ್ತವೆ. ನೆಲದಲ್ಲಿದ್ದರೆ ಪಕ್ಕದ ಸೊಪ್ಪಿನ ಮಡಿಗೇ ನುಗ್ಗುತ್ತವೆ. ಒಂದೆರಡು ಮಳೆ ಬಿದ್ದರಂತೂ ಹೋದಲ್ಲೆಲ್ಲ ಬೇರೂರಿ ಹೊಸ ಗಿಡ. ಒಂದಕ್ಕೆ ಹತ್ತಾಯಿತೆಂದು ಹಿಗ್ಗದವರು ಕಡಿಮೆ. ಆದರೆ ಮುಂದಿನ ಡಿಸೆಂಬರಿನಲ್ಲಿ ನೋಡಿದರೆ ಮಡಿಯ ತುಂಬ ಎಲೆಯೋ ಎಲೆ, ಹಣ್ಣು ಮಾತ್ರ ಬೆರಳೆಣಿಕೆಯಷ್ಟು.

ಕೈತೋಟದವರು ರನ್ನರ್ ಎಂದೇ ಕರೆಯುವ ಈ ಹಂಬು ಹಬ್ಬುವ ರೀತಿ ಒಂದೆಲಗ ಬೆಳೆದವರಿಗೆ ಹೊಸದಲ್ಲ. ಸ್ಟ್ರಾಬೆರಿಯ ರನ್ನರ್‌ಗೆ ಒಂದು ಲೆಕ್ಕಾಚಾರವಿದೆ. ಮೊದಲ ಗಿಣ್ಣು ಸಾಮಾನ್ಯವಾಗಿ ಸುಮ್ಮನಿರುತ್ತದೆ, ಎರಡನೆಯದರಲ್ಲಿ ಮರಿಗಿಡ ಏಳುತ್ತದೆ. ಆ ಮರಿಯಿಂದ ಹಂಬು ಮತ್ತೆ ಮುಂದಕ್ಕೆ ಚಾಚುತ್ತದೆ, ಇನ್ನೆರಡು ಗಿಣ್ಣು ದಾಟಿ ಇನ್ನೊಂದು ಮರಿ. ತನ್ನ ಬೇರು ಬಲಿಯುವವರೆಗೆ ಪ್ರತಿ ಮರಿಗೂ ನೀರು, ಆಹಾರ ಹೋಗುವುದು ತಾಯಿಗಿಡದಿಂದಲೇ. ಹಣ್ಣಿಗೆ ಸಲ್ಲಬೇಕಾದ ಶಕ್ತಿ ಹೀಗೆ ಮರಿಗಳ ಪಾಲಾಗುತ್ತದೆ. ಮರಿಗಳು ಒತ್ತೊತ್ತಾಗಿ ಬೆಳೆದ ಮೇಲೆ ನೆರಳೂ ತೇವವೂ ಹೆಚ್ಚಿ, ಬಂದ ನಾಲ್ಕು ಹಣ್ಣಿಗೂ ಬೂದು ಬಣ್ಣದ ಬೂಷ್ಟು ಹಿಡಿಯುತ್ತದೆ.

ಹಾಗಾದರೆ ರನ್ನರ್ ಕಂಡಲ್ಲೆಲ್ಲ ಕತ್ತರಿಸಿಬಿಡಬೇಕೆ? ಅಂತರ್ಜಾಲದಲ್ಲಿ ಸಿಗುವ ಸಲಹೆಗಳು ನಮ್ಮವರನ್ನು ದಾರಿ ತಪ್ಪಿಸುವುದು ಇಲ್ಲಿಯೇ. ಅವುಗಳಲ್ಲಿ ಹೆಚ್ಚಿನವು ಇಂಗ್ಲೆಂಡ್, ಅಮೆರಿಕದಂಥ ಚಳಿದೇಶಗಳ ತೋಟಗಾರರ ಅನುಭವದಿಂದ ಬಂದವು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ಮೀರುತ್ತದೆ, ಡಿಸೆಂಬರಿನಲ್ಲಿ 8 ಗಂಟೆಯೂ ಇರುವುದಿಲ್ಲ. ಅಲ್ಲಿ ಗಿಡ ಹಿಮದಡಿ ಮಲಗಿ, ವಸಂತದಲ್ಲಿ ಎದ್ದು, ಬೇಸಿಗೆಯಲ್ಲಿ ಹಣ್ಣು ಕೊಟ್ಟು, ಆಮೇಲೆ ಹಬ್ಬುತ್ತದೆ. ಮೂರು ನಾಲ್ಕು ವರ್ಷ ಒಂದೇ ಮಡಿಯಲ್ಲಿ ಬಾಳುತ್ತದೆ. ಮೊದಲ ವರ್ಷ ಹೂವನ್ನೆಲ್ಲ ಚಿವುಟಿ ಹಾಕಿ ಎನ್ನುವುದು, ಕೊಯ್ಲು ಮುಗಿದ ಕೂಡಲೇ ಎಲೆಗಳನ್ನು ಸವರಿ ಎನ್ನುವುದು ಆ ಬಾಳ್ವೆಗೆ ಒಪ್ಪುವ ಮಾತು. ಡಲ್ಲಾಸ್‌ನಲ್ಲೋ ಲಂಡನ್ನಿನಲ್ಲೋ ಹಿತ್ತಲು ಮಾಡಿಕೊಂಡಿರುವ ಕನ್ನಡಿಗರು ತಮ್ಮೂರಿನ ತೋಟಗಾರರು ಹೇಳಿದಂತೆ ಮಾಡುವುದೇ ಸರಿ. ಬೆಂಗಳೂರಿನ ತಾರಸಿಗೆ ಅದು ಹೊಂದುವುದಿಲ್ಲ. ಇಲ್ಲಿಯ ಅತಿ ಉದ್ದದ ಹಗಲು 13 ಗಂಟೆಯನ್ನೂ ಮುಟ್ಟುವುದಿಲ್ಲ, ಅತಿ ಚಿಕ್ಕದು 11 ಗಂಟೆಗಿಂತ ಕೆಳಗಿಳಿಯುವುದಿಲ್ಲ. ಹಗಲಿನ ಅಂತರ ಇಷ್ಟು ಕಡಿಮೆಯಿರುವಲ್ಲಿ ಗಿಡವನ್ನು ಹೂವಿಗೆ ತಿರುಗಿಸುವುದು ಮುಖ್ಯವಾಗಿ ರಾತ್ರಿಯ ತಂಪು, ಹಬ್ಬಲು ಕೆಣಕುವುದು ಸೆಕೆ.

ನಮಗೆ ಹತ್ತಿರದ ಗುರು ಮಹಾಬಳೇಶ್ವರ. ಕೃಷ್ಣೆ ಹುಟ್ಟುವ ಆ ಗಿರಿನೆತ್ತಿ, ಪಂಚಗಣಿ, ಕೆಳಗಿನ ವಾಯಿ ಸೇರಿದಂತೆ ಸತಾರಾ ಜಿಲ್ಲೆಯ ಆ ಭಾಗವೇ ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲನ್ನು ಬೆಳೆಯುತ್ತದೆ. ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. 2017ರಿಂದ ಪುಸ್ತಕಗಳ ಊರೆಂದು ಹೆಸರಾದ ಭಿಲಾರ್ ಕೂಡ ಅಸಲಿಗೆ ಸ್ಟ್ರಾಬೆರಿ ಊರೇ. ಅಲ್ಲಿಯ ರೈತರು ಇದನ್ನು ಬಹುವಾರ್ಷಿಕ ಗಿಡವೆಂದು ನೋಡುವುದೇ ಇಲ್ಲ. ಹೊರದೇಶಗಳಿಂದ ತರಿಸಿದ ಕ್ಯಾಮರೋಸಾ, ವಿಂಟರ್ ಡಾನ್, ಸ್ವೀಟ್ ಚಾರ್ಲಿಯಂಥ ತಳಿಗಳ ತಾಯಿಗಿಡಗಳನ್ನು ಮಳೆಗಾಲದಲ್ಲಿ ನರ್ಸರಿಗಳಲ್ಲಿ ಹಬ್ಬಲು ಬಿಟ್ಟು ಮರಿ ಮಾಡಿಕೊಳ್ಳುತ್ತಾರೆ. ಮಳೆ ಹಿಂದೆ ಸರಿಯುತ್ತಿದ್ದಂತೆ, ಸೆಪ್ಟೆಂಬರ್ ಹೊತ್ತಿಗೆ, ಆ ಮರಿಗಳನ್ನು ಏರುಮಡಿಗಳಲ್ಲಿ ನೆಡುತ್ತಾರೆ. ನವೆಂಬರಿನಿಂದ ಮಾರ್ಚ್‌ವರೆಗೆ ಕೊಯ್ಲು. ಹಣ್ಣು ಬಿಡುವ ಮಡಿಯಲ್ಲಿ ರನ್ನರ್ ಎದ್ದರೆ ಮುಲಾಜಿಲ್ಲದೆ ತೆಗೆಯುತ್ತಾರೆ. ಅಲ್ಲಿ ಹಬ್ಬುವ ಜಾಗವೇ ಬೇರೆ, ಹಣ್ಣಿನ ಜಾಗವೇ ಬೇರೆ. ಮನೆಯ ನಾಲ್ಕು ಕುಂಡಗಳಲ್ಲಿ ಜಾಗ ಬೇರೆ ಮಾಡಲಾಗದು, ಕಾಲವನ್ನು ಮಾತ್ರ ಖಂಡಿತ ಬೇರೆ ಮಾಡಬಹುದು.

ಅಂದರೆ ಗಿಡ ನೆಟ್ಟ ದಿನದಿಂದ ಕೊನೆಯ ಹಣ್ಣು ಕೀಳುವವರೆಗೆ ಒಂದೂ ರನ್ನರ್ ಉಳಿಯಬಾರದು. ಕಿತ್ತೆಳೆದರೆ ಮೇಲುಮೇಲಿನ ಬೇರುಗಳು ಅಲುಗುತ್ತವೆ, ಆದ್ದರಿಂದ ಹರಿತವಾದ ಕತ್ತರಿಯಿಂದ ಬುಡದ ಹತ್ತಿರ ಕತ್ತರಿಸುವುದು ವಾಸಿ. ವಾರಕ್ಕೊಮ್ಮೆ ನೋಡಿದರೆ ಸಾಕು. ಹಣ್ಣು ಮುಗಿದ ಮೇಲೆ ಬೇಸಿಗೆಯ ಉರಿಯಲ್ಲಿ ಗಿಡವನ್ನು ಬದುಕಿಸಿಕೊಳ್ಳುವುದೇ ದೊಡ್ಡ ಕೆಲಸ: ಮಧ್ಯಾಹ್ನದ ಬಿಸಿಲಿಗೆ ಮರೆ ಬೇಕು, ಬುಡಕ್ಕೆ ಭತ್ತದ ಹುಲ್ಲಿನದೋ ದರಗಿನದೋ ಹೊದಿಕೆ ಬೇಕು. ಆಗ ಹೊರಡುವ ರನ್ನರ್‌ಗಳನ್ನೂ ತೆಗೆಯುತ್ತಲೇ ಇರಿ. ಮೊದಲ ಮಳೆಯಾಗಿ ಹವೆ ತಣ್ಣಗಾದ ಮೇಲೆ ಬಿಡುವ ಸರದಿ.

ಬಿಡುವುದು ಯಾವ ಗಿಡದ್ದನ್ನು ಎಂಬುದರಲ್ಲಿ ಮನೆಯವರು ಎಡವುತ್ತಾರೆ. ಅತಿ ಹೆಚ್ಚು ಹಂಬು ಬಿಟ್ಟ ಗಿಡ ಕಣ್ಣಿಗೆ ಹಬ್ಬ, ಎಲ್ಲರೂ ಅದರ ಮರಿಗಳನ್ನೇ ಇಟ್ಟುಕೊಳ್ಳುತ್ತಾರೆ. ಮರಿಯೆಂದರೆ ತಾಯಿಯ ತದ್ರೂಪು. ಹಬ್ಬುವ ಚಾಳಿಯೂ ಅದಕ್ಕೆ ಹಾಗೆಯೇ ಬರುತ್ತದೆ, ಎಲೆ ಮುರುಟಿಸುವ ವೈರಸ್ ಇದ್ದರೆ ಅದೂ ಬರುತ್ತದೆ. ಡಿಸೆಂಬರ್, ಜನವರಿಯಲ್ಲೇ ಚೆನ್ನಾಗಿ ಹಣ್ಣು ಕೊಟ್ಟ ಗಿಡಕ್ಕೆ ಒಂದು ಬಣ್ಣದ ದಾರ ಕಟ್ಟಿಡಿ. ಮಳೆಗಾಲದಲ್ಲಿ ಅದರ ಎರಡು ಮೂರು ರನ್ನರ್‌ಗಳನ್ನು ಮಾತ್ರ ಉಳಿಸಿ. ಪ್ರತಿ ರನ್ನರ್‌ನಲ್ಲೂ ತಾಯಿಗೆ ಹತ್ತಿರದ ಮೊದಲ ಮರಿಯೇ ಗಟ್ಟಿಯದು. ಅದರಾಚೆಗೆ ಚಾಚುವ ತುದಿಯನ್ನು ಚಿವುಟಿಬಿಡಿ. ಮರಿಯ ಕೆಳಗೆ ಮಣ್ಣು, ಕೋಕೋಪೀಟ್, ಎರೆಗೊಬ್ಬರ ತುಂಬಿದ ಸಣ್ಣ ಕುಂಡ ಇಟ್ಟು, ಬಗ್ಗಿಸಿದ ತಂತಿಯಿಂದ ಹಂಬನ್ನು ಮಣ್ಣಿಗೆ ತಾಗುವಂತೆ ಒತ್ತಿ ನಿಲ್ಲಿಸಬೇಕು. ಎರಡು ಮೂರು ವಾರದಲ್ಲಿ ಬೇರು ಹಿಡಿಯುತ್ತದೆ. ಇನ್ನೊಂದು ವಾರ ಕಾದು, ಮೆಲ್ಲಗೆ ಎತ್ತಿದಾಗ ಮಣ್ಣೂ ಜೊತೆಗೆ ಬಂದರೆ ತಾಯಿಯ ಸಂಪರ್ಕ ಕತ್ತರಿಸಬಹುದು.

ಸೆಪ್ಟೆಂಬರಿನಲ್ಲಿ ಈ ಮರಿಗಳನ್ನು ಒಂದಡಿ ಅಂತರದಲ್ಲಿ ನೆಡುವಾಗ ಗಮನವೆಲ್ಲ ಸುಳಿಯ ಮೇಲಿರಲಿ. ಸುಳಿ ಮಣ್ಣಿನಡಿ ಸೇರಿದರೆ ಕೊಳೆಯುತ್ತದೆ, ತೀರ ಮೇಲಿದ್ದರೆ ಬೇರು ಒಣಗುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದ ಮಣ್ಣು ಬೇಡ, ಅವಕ್ಕೆ ಬರುವ ಸೊರಗು ರೋಗ ಇದಕ್ಕೂ ಬರುತ್ತದೆ. ಹೊಸ ಗಿಡ ಹಿಡಿದುಕೊಂಡ ಮೇಲೆ ಹಳೆಯ ತಾಯಿಗಿಡವನ್ನು ಕಿತ್ತು ತೆಗೆಯಬೇಕು. ಹಣ್ಣು ಕೊಟ್ಟ ಗಿಡವನ್ನು ಕೀಳಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಎರಡು ಹಂಗಾಮು ಕಳೆದ ಗಿಡದ ಬುಡ ಮರಗಟ್ಟಿರುತ್ತದೆ, ಹಣ್ಣು ಗೋಲಿಯಷ್ಟಕ್ಕಿಳಿದಿರುತ್ತದೆ. ಅದನ್ನು ಉಳಿಸಿಕೊಂಡರೆ ರೋಗವನ್ನೂ ಉಳಿಸಿಕೊಂಡಂತೆ.

ರನ್ನರ್‌ನ ದೆಸೆಯಿಂದ ಇಷ್ಟೆಲ್ಲ ಕೆಲಸವಾದರೂ ಈ ಹಣ್ಣು ಹುಟ್ಟಿಕೊಂಡದ್ದೇ ರನ್ನರ್‌ನ ಬಲದಿಂದ. ಫ್ರಾನ್ಸಿನ ಎಂಜಿನಿಯರ್ ಅಮೇದಿ ಫ್ರಾನ್ಸ್ವಾ ಫ್ರೇಜಿಯೆ 1714ರಲ್ಲಿ ಚಿಲಿಯಿಂದ ದಪ್ಪ ಹಣ್ಣಿನ ಸ್ಟ್ರಾಬೆರಿ ಗಿಡಗಳನ್ನು ಹಡಗಿನಲ್ಲಿ ಜೋಪಾನವಾಗಿ ತಂದ. ಬಂದವೆಲ್ಲ ಹೆಣ್ಣು ಗಿಡಗಳು. ಪರಾಗವಿಲ್ಲದೆ ಯುರೋಪಿನ ತೋಟಗಳಲ್ಲಿ ಅವು ವರ್ಷಗಟ್ಟಲೆ ಹಣ್ಣನ್ನೇ ಬಿಡಲಿಲ್ಲ, ರನ್ನರ್‌ಗಳಿಂದಲೇ ವಂಶ ಉಳಿಸಿಕೊಂಡವು. ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿ ಪಕ್ಕಕ್ಕೆ ಬಂದ ಮೇಲೆ ಎರಡರ ಬೆರಕೆಯಾಯಿತು. 1766ರಲ್ಲಿ ಅಂತ್ವಾನ್ ನಿಕೊಲಾ ದ್ಯುಶೇನ್ ಎಂಬ ತರುಣ ಸಸ್ಯವಿಜ್ಞಾನಿ ಆ ಗುಟ್ಟನ್ನು ಬರೆದಿಟ್ಟ. ಇಂದು ನಾವು ತಿನ್ನುವುದು ಆ ಬೆರಕೆಯ ಹಣ್ಣನ್ನೇ.

ಆತನ ಹೆಸರನ್ನು ಸಸ್ಯವಿಜ್ಞಾನಿಗಳು ಇನ್ನೊಂದು ಗಿಡಕ್ಕೂ ಇಟ್ಟರು: ದ್ಯುಶೇನಿಯಾ ಇಂಡಿಕಾ. ಈಗ ಅದನ್ನು ಪೊಟೆಂಟಿಲ್ಲಾ ಕುಲಕ್ಕೆ ಸೇರಿಸಿದ್ದಾರೆ. ತಂಪು ನೆಲದ ತೋಟಗಳಲ್ಲಿ ಸ್ಟ್ರಾಬೆರಿ ಹತೋಟಿಗೇ ಸಿಗುತ್ತಿಲ್ಲ ಎನ್ನುವವರು ಮೊದಲು ಹೂವಿನ ಬಣ್ಣ ನೋಡಿ. ಹೂ ಹಳದಿಯಾಗಿದ್ದರೆ ಅದು ಸ್ಟ್ರಾಬೆರಿಯಲ್ಲ, ಈ ಗಿಡ. ಎಲೆ ಹಾಗೆಯೇ ಮೂರು ದಳದ್ದು, ಹಣ್ಣು ದುಂಡಗೆ ಕೆಂಪಗೆ ಮೇಲ್ಮುಖವಾಗಿ ನಿಂತಿರುತ್ತದೆ, ತಿಂದರೆ ವಿಷವಲ್ಲ, ರುಚಿಯೂ ಇಲ್ಲ. ನೆಲಕ್ಕೆ ಹಸಿರು ಹೊದಿಕೆಯಾಗಿ ಬೇಕಿದ್ದರೆ ಇರಲಿ. ಹಣ್ಣಿನ ಆಸೆಯಿಂದ ಬೆಳೆಸುತ್ತಿದ್ದರೆ ಮಾತ್ರ ಮಳೆಗಾಲದ ಮೆತ್ತನೆಯ ಮಣ್ಣಿನಲ್ಲೇ ಬೇರುಸಹಿತ ತೆಗೆದು, ಆ ಜಾಗದಲ್ಲಿ ಬಿಳಿ ಹೂವಿನ ಗಿಡವನ್ನು ಸೆಪ್ಟೆಂಬರಿನಲ್ಲಿ ಹೊಸದಾಗಿ ನೆಡಿ.