ಎರಡು ಗಾಲಿಗಳ ಮೇಲೆ ಘಟ್ಟವೂ ಕಡಲೂ

ನಾಡಿನ ನದಿಗಳ ಹೆಸರನ್ನು ಭೂಪಟದ ಮೇಲೆ ಬೆರಳಾಡಿಸಿ ಕಲಿತವರು ನಾವೆಲ್ಲರೂ. ಅದೇ ನದಿಗಳ ಜಾಡನ್ನು ಸ್ವಂತ ಕಾಲಿನ ಬಲದಿಂದ ಅರಿಯಬೇಕೆಂಬ ಹಂಬಲವುಳ್ಳವರಿಗೆ, ಶಿವಮೊಗ್ಗೆಯಿಂದ ಹೊರಟು, ಆಗುಂಬೆಯ ಘಟ್ಟವನ್ನಿಳಿದು, ಉಡುಪಿಯಿಂದ ಹೊನ್ನಾವರದವರೆಗೆ ಕಡಲ ಮಗ್ಗುಲಲ್ಲಿ ಸಾಗಿ, ಗೇರುಸೊಪ್ಪೆಯ ಮಾರ್ಗವಾಗಿ ಜೋಗಕ್ಕೇರಿ ಮರಳುವ ಐದಾರು ದಿನಗಳ ಸೈಕಲ್ ಪ್ರವಾಸಕ್ಕಿಂತ ಉತ್ತಮವಾದ ಪಾಠ ಬೇರೊಂದಿಲ್ಲ.

ಮೊದಲ ದಿನ ತುಂಗೆಯ ಒಡನಾಟ. ಗಾಜನೂರು, ಸಕ್ಕರೆಬೈಲು, ಮಂಡಗದ್ದೆಗಳನ್ನು ದಾಟಿ ತೀರ್ಥಹಳ್ಳಿ ಸೇರುವತನಕ ನದಿಯು ಎದುರಾಗಿ ಹರಿದು ಬರುತ್ತದೆ. ತಾನು ಹೊಳೆಯ ಮೂಲದತ್ತ ಏರುತ್ತಿರುವೆನೆಂಬುದು ಮೋಟಾರಿನಲ್ಲಿ ಕುಳಿತವನಿಗೆ ತಿಳಿಯದು, ಪೆಡಲು ತುಳಿಯುವ ಮೊಣಕಾಲಿಗೆ ತಿಳಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ನೆತ್ತಿಯಲ್ಲಿ ಜಲವಿಭಾಜಕವಿದೆ: ಮೂಡಲಿಗೆ ಜಾರಿದ ಹನಿ ತುಂಗೆಯನ್ನು ಕೂಡಿ ಬಂಗಾಳ ಕೊಲ್ಲಿಗೂ, ಪಡುವಲಿಗೆ ಜಾರಿದುದು ಸೀತಾನದಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೂ ಸಲ್ಲುತ್ತದೆ.

ಅಲ್ಲಿಂದ ಸೋಮೇಶ್ವರದವರೆಗಿನ ಇಳಿತದಲ್ಲಿ 14 ಕಡಿದಾದ ತಿರುವುಗಳಿವೆ. ಇಳಿಜಾರೆಂದರೆ ವಿಶ್ರಾಂತಿಯೆಂದು ಭಾವಿಸುವುದು ತಪ್ಪು. ಬ್ರೇಕನ್ನು ಬಿಡದೆ ಒತ್ತಿಹಿಡಿದರೆ ರಬ್ಬರಿನ ಘರ್ಷಣೆಯಿಂದ ಗಾಲಿಯ ಅಂಚು ಮುಟ್ಟಲಾರದಷ್ಟು ಬಿಸಿಯಾಗುತ್ತದೆ. ಆದ್ದರಿಂದ ತಿರುವು ಬರುವ ಮುನ್ನವೇ ವೇಗವನ್ನಿಳಿಸಿ, ತಿರುವಿನೊಳಗೆ ಬ್ರೇಕು ಸಡಿಲಿಸಿ, ಹೊರಗಿನ ಪೆಡಲನ್ನು ಕೆಳಗಿಟ್ಟು ಅದರ ಮೇಲೆ ದೇಹದ ಭಾರವನ್ನೂರತಕ್ಕದ್ದು. ಒಂದೊಂದು ತಿರುವು ಕಳೆದಂತೆ ಗಾಳಿಯ ತಂಪು ಕರಗಿ, ಹೆಬ್ರಿ ಸಮೀಪಿಸುವಾಗ ಕರಾವಳಿಯ ಬೆವರು ಕೊರಳಲ್ಲಿ ಇಳಿದಿರುತ್ತದೆ.

ಕರಾವಳಿಯ ದಾರಿಯಲ್ಲಿ ಗಾಳಿಯೇ ಯಜಮಾನ. ಬಿಸಿಲೇರಿದಂತೆ ನೆಲವು ನೀರಿಗಿಂತ ಬೇಗ ಕಾಯುವುದರಿಂದ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿಯೆದ್ದು ಬಡಗಣಕ್ಕೆ ಹೊರಟವನ ಎಡಗೆನ್ನೆಗೆ ಬಡಿಯುತ್ತದೆ; ಬೆಳಕು ಹರಿಯುವಾಗಲೇ ಹೊರಟು, ಹನ್ನೊಂದರೊಳಗೆ ದಿನದ ಹೆಚ್ಚಿನ ಹಾದಿಯನ್ನು ಮುಗಿಸುವುದು ಜಾಣತನ. ಕುಂದಾಪುರದಾಚೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಎಡಗಿವಿಗೆ ಮೊರೆತ, ಬಲಗಿವಿಗೆ ಮೌನ. ಕಾರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ನೋಟ ಸೈಕಲ್ ಸವಾರನಿಗೆ ಸಾವಕಾಶವಾಗಿ ದಕ್ಕುತ್ತದೆ.

ಹೊನ್ನಾವರದ ಸೇತುವೆಯ ಮೇಲೆ ನಿಂತಾಗ ಈ ಪ್ರವಾಸದ ಅರ್ಥ ಸಂಪೂರ್ಣವಾಗುತ್ತದೆ. ಕೆಳಗೆ ಕಡಲನ್ನು ಸೇರುತ್ತಿರುವ ಶರಾವತಿಯು ಹುಟ್ಟಿದ್ದು ಅದೇ ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ. ಸವಾರನು ತಾನೊಂದು ದಾರಿಯಿಂದ, ನದಿಯು ತನ್ನದೊಂದು ದಾರಿಯಿಂದ ಘಟ್ಟವನ್ನಿಳಿದು ಬಂದು ಇಲ್ಲಿ ಸಂಧಿಸಿದಂತಾಯಿತು. ಗೇರುಸೊಪ್ಪೆ ದಾಟಿದ ಮೇಲೆ ಮತ್ತೆ ಏರು. ಮುಂದಿನ ಹಲ್ಲುಚಕ್ರ ಚಿಕ್ಕದು, ಹಿಂದಿನದು ದೊಡ್ಡದು ಇರುವ ಹಗುರ ಗೇರಿಗೆ ಸರಪಳಿಯನ್ನು ಹೊರಳಿಸಿ, ಉಸಿರು ಕೆಡದಂತೆ ಒಂದೇ ಲಯದಲ್ಲಿ ತುಳಿಯಬೇಕು. ದಣಿದರೆ ಇಳಿದು ನೂಕುವುದರಲ್ಲಿ ಯಾವ ಅವಮಾನವೂ ಇಲ್ಲ. ಶರಾವತಿಯು ಜೋಗದಲ್ಲಿ ಒಮ್ಮೆಲೇ ಧುಮುಕುವ 253 ಮೀಟರಿನ ಬೆಲೆಯು, ಆ ಎತ್ತರವನ್ನು ಮಾರು ಮಾರಾಗಿ ಗೆದ್ದು ಬಂದವನಿಗೆ ಮನದಟ್ಟಾಗುವಷ್ಟು ಮತ್ತಾರಿಗೂ ಮನದಟ್ಟಾಗದು.

ತರುಣರೇ, ಮಳೆ ತೀರಿ ಬಿಸಿಲು ಬಲಿಯುವ ಮುನ್ನ, ನವೆಂಬರಿನಿಂದ ಫೆಬ್ರವರಿಯೊಳಗೆ ಹೊರಡಿರಿ. ತಲೆಗೆ ಶಿರಸ್ತ್ರಾಣವನ್ನೂ ಹಿಂಬದಿಗೆ ಕೆಂಪು ದೀಪವನ್ನೂ ಮರೆಯದಿರಿ. ಹೊರೆ ಕಡಿಮೆಯಿರಲಿ, ನೀರು ಹೆಚ್ಚಿರಲಿ.